ವೆಬ್‌ಸೈಟೂ ಒಂದು ಆಸ್ತಿ: ದುಡ್ಡು ಕೊಡುವ ಮುನ್ನ ಪತ್ರ ನೋಡಿ

ಸೈಟು ಕೊಳ್ಳುವ ಮೊದಲು ಏನೇನು ನೋಡಬೇಕು ಅನ್ನುವುದು ನಮ್ಮ ಬಹಳಷ್ಟು ಮನೆಗಳಲ್ಲಿ ಗೊತ್ತು. ತಾಯಿಪತ್ರ ಕೇಳುತ್ತೇವೆ. ಕಾವೇರಿ ಆನ್‌ಲೈನ್‌ನಲ್ಲಿ ಇಸಿ ತೆಗೆಸುತ್ತೇವೆ. ಖಾತಾ ಯಾರ ಹೆಸರಲ್ಲಿದೆ ಅಂತ ನೋಡಿ, ಪರಿಚಯದ ವಕೀಲರ ಕೈಗೆ ಒಮ್ಮೆ ಕಾಗದ ಕೊಟ್ಟು, ಆಮೇಲೆ ಅಡ್ವಾನ್ಸ್ ಮಾತಾಡುತ್ತೇವೆ. ಅದೇ ಮನೆಯವರು ಸೀರೆ ಅಂಗಡಿಗೋ ಹೋಂಸ್ಟೇಗೋ ವೆಬ್‌ಸೈಟ್ ಮಾಡಿಸುವಾಗ ಒಂದು ಕಾಗದವನ್ನೂ ಕೇಳುವುದಿಲ್ಲ. ಜಾಹೀರಾತಿನಿಂದ ಆದಾಯ ಬರುವ ವೆಬ್‌ಸೈಟ್ ಒಂದನ್ನು ಕೊಳ್ಳಲು ಹೊರಟಾಗಲೂ ಅಷ್ಟೇ. ಲಕ್ಷಗಟ್ಟಲೆ ದುಡ್ಡು ಬರೀ ನಂಬಿಕೆಯ ಮೇಲೆ ಕೈ ಬದಲಾಗುತ್ತದೆ.

ಭೂಮಿಯಲ್ಲಿ ಅಪಾಯ ಇಲ್ಲ ಅಂತಲ್ಲ. ಪರಿವರ್ತನೆ ಆಗದ ರೆವಿನ್ಯೂ ಸೈಟು, ಒಂದೇ ಜಾಗ ಇಬ್ಬರಿಗೆ ಮಾರಾಟ, ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯುವ ಪಾಲಿನ ದಾವೆ ಎಲ್ಲವೂ ಇವೆ. ಮಾರುಕಟ್ಟೆಯ ಏರಿಳಿತ ಬೇರೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿ ಒಳಗೆ ರಿಸರ್ವ್ ಬ್ಯಾಂಕಿನ ರೆಪೊ ದರ, ಅಂದರೆ ಅದು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ, ಶೇ 4ರಿಂದ ಶೇ 6.5ಕ್ಕೆ ಏರಿತು. ಗೃಹಸಾಲ ತೆಗೆದವರಿಗೆ ಕಂತಿನ ವರ್ಷಗಳು ಉದ್ದವಾದದ್ದು ನೆನಪಿದೆ ಅಲ್ವಾ? ಆದರೆ ಅಲ್ಲಿ ಕಾನೂನಿನ ಬೇಲಿ ಒಂದಿಷ್ಟು ಇದೆ. ಮಾರಾಟಕ್ಕೆ ನೋಂದಾಯಿತ ಕ್ರಯಪತ್ರ ಬೇಕು. ಬರೀ ಜಿಪಿಎ, ಅಂದರೆ ಅಧಿಕಾರಪತ್ರ, ಬರೆಸಿಕೊಂಡರೆ ಒಡೆತನ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಮನೆ ಕೊಳ್ಳುವವರ ರಕ್ಷಣೆಗೆ ಇರುವ 2016ರ ರೇರಾ ಕಾಯ್ದೆಯ ಪ್ರಕಾರ, ಅಗ್ರಿಮೆಂಟ್ ನೋಂದಣಿ ಆಗುವ ತನಕ ಬಿಲ್ಡರ್ ಶೇ 10ಕ್ಕಿಂತ ಜಾಸ್ತಿ ಅಡ್ವಾನ್ಸ್ ಕೇಳುವಂತಿಲ್ಲ. ವೆಬ್‌ಸೈಟಿಗೆ ಸಬ್‌ರಿಜಿಸ್ಟ್ರಾರ್ ಕಚೇರಿ ಇಲ್ಲ, ಇಸಿ ಇಲ್ಲ, ರೇರಾ ಇಲ್ಲ. ಆ ಕೆಲಸವನ್ನೆಲ್ಲ ನೀವೇ ಮಾಡಿಕೊಳ್ಳಬೇಕು. ಹೇಗೆ ಅಂತ ನೋಡೋಣ.

ಹೆಜ್ಜೆ 1: ಆಸ್ತಿ ಅಂದರೆ ಯಾವುದು ಅಂತ ಬಿಡಿಸಿ ನೋಡಿ

ವೆಬ್‌ಸೈಟ್ ಒಂದೇ ವಸ್ತು ಅಲ್ಲ. ಡೊಮೈನ್, ಅಂದರೆ ವಿಳಾಸದ ಹೆಸರು ಒಂದು. ಹೋಸ್ಟಿಂಗ್, ಅಂದರೆ ಕಡತಗಳು ಕೂತಿರುವ ಸರ್ವರ್ ಜಾಗ ಇನ್ನೊಂದು. ಕೋಡ್, ಬರಹ, ಫೋಟೊ, ಗ್ರಾಹಕರ ಪಟ್ಟಿ, ಜಾಹೀರಾತಿನ ಖಾತೆ ಎಲ್ಲ ಬೇರೆ ಬೇರೆ. ಒಂದೊಂದೂ ಒಬ್ಬೊಬ್ಬರ ಹೆಸರಲ್ಲಿ ಇರಬಹುದು. ಹೋಸ್ಟಿಂಗ್ ಅನ್ನು ನಾಳೆಯೇ ಬದಲಿಸಬಹುದು. ಡೊಮೈನ್ ಕೈತಪ್ಪಿದರೆ ಮಾತ್ರ ಉಳಿದದ್ದೆಲ್ಲ ಇದ್ದೂ ಇಲ್ಲದ ಹಾಗೆ.

ಡೊಮೈನ್ ಯಾರಿಗೂ ಶಾಶ್ವತವಾಗಿ ಸಿಗುವುದಿಲ್ಲ ಅನ್ನುವುದೂ ತಿಳಿದಿರಲಿ. ಒಂದು ಸಲಕ್ಕೆ 1ರಿಂದ 10 ವರ್ಷದ ತನಕ ನೋಂದಾಯಿಸಬಹುದು, ಆಮೇಲೆ ನವೀಕರಿಸುತ್ತಾ ಹೋಗಬೇಕು. ಡಾಟ್ ಕಾಮ್‌ನಂಥ ಹೆಸರುಗಳ ನಿಯಮ ಐಕ್ಯಾನ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯದು. ಡಾಟ್ ಇನ್ ಹೆಸರುಗಳನ್ನು ನಮ್ಮ ದೇಶದ ನಿಕ್ಸಿ ಸಂಸ್ಥೆ ನೋಡಿಕೊಳ್ಳುತ್ತದೆ. ಹಾಗಿದ್ದರೂ ಅದಕ್ಕೆ ಆಸ್ತಿಯ ಬೆಲೆ ಇದೆ, ಕಳ್ಳರ ಕಣ್ಣೂ ಇದೆ. ಅಮೆರಿಕದಲ್ಲಿ 1994ರಲ್ಲಿ ಒಬ್ಬರು ನೋಂದಾಯಿಸಿದ್ದ ಬೆಲೆಬಾಳುವ ಹೆಸರನ್ನು, ಮರುವರ್ಷ ಇನ್ನೊಬ್ಬ ಸುಳ್ಳು ಪತ್ರ ಕೊಟ್ಟು ತನ್ನ ಹೆಸರಿಗೆ ಮಾಡಿಸಿಕೊಂಡ. ನಮ್ಮಲ್ಲಿ ನಕಲಿ ಜಿಪಿಎ ತೋರಿಸಿ ಸೈಟು ಮಾರುವ ಹಾಗೆಯೇ. ಕ್ರೆಮೆನ್ ವರ್ಸಸ್ ಕೋಹೆನ್ ಅನ್ನುವ ಆ ಮೊಕದ್ದಮೆಯಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ 2003ರಲ್ಲಿ ಡೊಮೈನ್ ಕೂಡ ಆಸ್ತಿಯೇ ಅಂತ ಒಪ್ಪಿತು.

ಹೆಜ್ಜೆ 2: ಖಾತೆ ಯಾರ ಹೆಸರಲ್ಲಿದೆ?

ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ವೆಬ್‌ಸೈಟ್ ಕೊಳ್ಳುವವರಿಗಷ್ಟೇ ಅಲ್ಲ, ಈಗಾಗಲೇ ಇರುವವರಿಗೂ ಈ ಮಾತು.

ನಮ್ಮ ಊರುಗಳಲ್ಲಿ ಆಗುವುದು ಹೀಗೆ. ವೆಬ್‌ಸೈಟ್ ಮಾಡಿಕೊಡುವ ಹುಡುಗ ತನ್ನದೇ ಇಮೇಲ್, ತನ್ನದೇ ಮೊಬೈಲ್ ನಂಬರ್ ಹಾಕಿ ಡೊಮೈನ್ ತೆಗೆಯುತ್ತಾನೆ. ಇದರಲ್ಲಿ ಮೋಸದ ಉದ್ದೇಶ ಏನೂ ಇರಬೇಕಿಲ್ಲ, ಕೆಲಸ ಬೇಗ ಆಗಲಿ ಅಂತಷ್ಟೇ. ಮಾಲೀಕರು ದುಡ್ಡು ಕೊಟ್ಟು ಸುಮ್ನಾಗುತ್ತಾರೆ. ನಾಲ್ಕು ವರ್ಷ ಬಿಟ್ಟು ಆತ ಬೇರೆ ಊರಿಗೆ ಕೆಲಸಕ್ಕೆ ಹೋಗಿರುತ್ತಾನೆ, ಹಳೆಯ ನಂಬರ್ ಬಂದ್ ಆಗಿರುತ್ತದೆ. ನವೀಕರಣದ ಸೂಚನೆ ಯಾರೂ ತೆರೆಯದ ಇಮೇಲ್‌ಗೆ ಹೋಗುತ್ತದೆ. ಬೋರ್ಡಿನ ಮೇಲೆ, ಬಿಲ್ ಪುಸ್ತಕದ ಮೇಲೆ, ಗಾಡಿಯ ಮೇಲೆ ಬರೆಸಿದ ವಿಳಾಸ ಒಂದು ದಿನ ತೆರೆಯುವುದೇ ಇಲ್ಲ. ಕಷ್ಟಪಟ್ಟು ಕಟ್ಟಿದ ವ್ಯಾಪಾರದ ಹೆಸರು ಇಷ್ಟು ಸಣ್ಣ ಕಾರಣಕ್ಕೆ ಹೋಗುವುದು ನಿಜಕ್ಕೂ ಸಂಕಟದ ವಿಷಯ.

ಪರೀಕ್ಷೆ ಕಷ್ಟ ಇಲ್ಲ. ಐಕ್ಯಾನ್‌ನ ಲುಕಪ್ ಪುಟದಲ್ಲಿ ಡೊಮೈನ್ ಹೆಸರು ಹಾಕಿದರೆ ಅದು ಯಾವ ರಿಜಿಸ್ಟ್ರಾರ್ (ಡೊಮೈನ್ ನೋಂದಾಯಿಸಿಕೊಡುವ ಕಂಪನಿ) ಬಳಿ ಇದೆ, ಯಾವಾಗ ನೋಂದಣಿ ಆಯಿತು, ಯಾವಾಗ ಮುಗಿಯುತ್ತದೆ ಎಲ್ಲ ಕಾಣುತ್ತದೆ. ಮಾಲೀಕರ ಹೆಸರನ್ನು ಖಾಸಗಿತನದ ಕಾರಣಕ್ಕೆ ಬಹಳ ಸಲ ಮುಚ್ಚಿರುತ್ತಾರೆ. ಅದಕ್ಕೇ ಮಾರುವವರಿಗೆ ಹೇಳಿ: ರಿಜಿಸ್ಟ್ರಾರ್ ಖಾತೆಯನ್ನು ನನ್ನ ಎದುರಿಗೇ ತೆರೆದು ತೋರಿಸಿ, ಇಲ್ಲವೇ ವಿಡಿಯೊ ಕಾಲ್‌ನಲ್ಲಿ ಸ್ಕ್ರೀನ್ ಹಂಚಿಕೊಳ್ಳಿ. ಸ್ಕ್ರೀನ್‌ಶಾಟ್ ಒಪ್ಪಬೇಡಿ, ಅದನ್ನು ತಿದ್ದುವುದು ಎರಡು ನಿಮಿಷದ ಕೆಲಸ. ನಿಮ್ಮದೇ ವೆಬ್‌ಸೈಟ್ ಆಗಿದ್ದರೆ ಮಾಡಿಕೊಟ್ಟವರನ್ನು ಈ ವಾರವೇ ವಿಚಾರಿಸಿ, ಡೊಮೈನನ್ನು ನಿಮ್ಮ ಹೆಸರಿನ ಖಾತೆಗೆ ಹಾಕಿಸಿಕೊಳ್ಳಿ.

ಹೆಜ್ಜೆ 3: ಹೆಸರಿನ ಮೇಲೆ ತಕರಾರು ಇದೆಯೇ?

ಹೆಸರು ಖಾಲಿ ಇತ್ತು, ತೆಗೆದುಕೊಂಡೆ ಅಂದಮಾತ್ರಕ್ಕೆ ಅದು ನಿಮ್ಮದಾಗಿ ಉಳಿಯುವುದಿಲ್ಲ. ಸಿಫಿ ಅನ್ನುವ ಹೆಸರಿನ ಸುತ್ತ ನಡೆದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ತೀರ್ಪು ಕೊಟ್ಟಿತು. ಸತ್ಯಂ ಇನ್ಫೋವೇ ಕಂಪನಿ 1999ರಿಂದ ಸಿಫಿ ಹೆಸರಿನ ಡೊಮೈನ್‌ಗಳನ್ನು ಬಳಸುತ್ತಿತ್ತು. ಇನ್ನೊಂದು ಸಂಸ್ಥೆ ಬಹುತೇಕ ಅದೇ ಉಚ್ಚಾರದ ಸಿಫಿನೆಟ್ ಅನ್ನು ಆಮೇಲೆ ತೆಗೆದಿತ್ತು. ವ್ಯಾಪಾರದ ಗುರುತಿಗೆ ಸಿಗುವ ರಕ್ಷಣೆ ಡೊಮೈನ್ ಹೆಸರಿಗೂ ಸಿಗುತ್ತದೆ ಅಂತ ಕೋರ್ಟ್ ಹೇಳಿತು. ಹಾಗಾಗಿ ಕೊಳ್ಳುವ ಮುನ್ನ ಸರ್ಕಾರದ ಟ್ರೇಡ್‌ಮಾರ್ಕ್ ಹುಡುಕಾಟದ ಪುಟದಲ್ಲಿ ಆ ಹೆಸರನ್ನೂ ಅದನ್ನು ಹೋಲುವ ಹೆಸರುಗಳನ್ನೂ ಹುಡುಕಿ.

ಹಿಂದಿನ ಇತಿಹಾಸವನ್ನೂ ನೋಡಿ. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ 1996ರಿಂದ ಈಚಿನ ಹಳೆಯ ಪುಟಗಳು ಸಿಗುತ್ತವೆ. ಈಗ ಅಡುಗೆ ವೆಬ್‌ಸೈಟ್ ಆಗಿರುವುದು ಮೂರು ವರ್ಷದ ಹಿಂದೆ ಜೂಜಿನ ಪುಟ ಆಗಿತ್ತೇ ಅಂತ ಅಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 4: ಆದಾಯದ ಲೆಕ್ಕ

ಬೆಂಗಳೂರಿನ ಫ್ಲ್ಯಾಟ್‌ಗೆ ವರ್ಷಕ್ಕೆ ಬರುವ ಬಾಡಿಗೆ ಅದರ ಬೆಲೆಯ ಶೇ 3–4ರ ಆಸುಪಾಸು. ಸಣ್ಣ ವೆಬ್‌ಸೈಟ್‌ಗಳು ಹೆಚ್ಚಾಗಿ ಎರಡು ಮೂರು ವರ್ಷದ ನಿವ್ವಳ ಲಾಭದ ಬೆಲೆಗೇ ಕೈ ಬದಲಾಗುತ್ತವೆ. ಇದು ಅಗ್ಗ ಅನ್ನಿಸಬಹುದು. ಇಷ್ಟು ಕಡಿಮೆ ಬೆಲೆಗೆ ಸಿಗುವುದು ಅಪಾಯ ಜಾಸ್ತಿ ಇರುವುದರಿಂದ. ಗೂಗಲ್ ತನ್ನ ಹುಡುಕಾಟದ ಲೆಕ್ಕಾಚಾರ ಬದಲಿಸಿದರೆ ವೆಬ್‌ಸೈಟಿಗೆ ಬರುವವರು ರಾತ್ರೋರಾತ್ರಿ ಅರ್ಧಕ್ಕೆ ಇಳಿಯಬಹುದು. 2011ರ ಪಾಂಡಾ ಬದಲಾವಣೆಯಲ್ಲಿ ಬಹಳಷ್ಟು ವೆಬ್‌ಸೈಟ್‌ಗಳು ಹೀಗೆ ಬಿದ್ದವು. ಈಗ ಹುಡುಕಾಟದ ಪುಟದ ಮೇಲೆಯೇ ಎಐ ಉತ್ತರ ಬರುವುದರಿಂದ ಒಳಗೆ ಕ್ಲಿಕ್ ಮಾಡುವ ಅಗತ್ಯವೇ ಕೆಲವರಿಗೆ ಬೀಳುವುದಿಲ್ಲ. ಬೆಲೆ ಬಿದ್ದ ಸೈಟಿನಲ್ಲಿ ಮಣ್ಣಾದರೂ ಉಳಿಯುತ್ತದೆ. ಓದುಗರು ಬಿಟ್ಟುಹೋದ ವೆಬ್‌ಸೈಟಿನಲ್ಲಿ ಮಾರಲು ಏನೂ ಉಳಿಯದೇ ಇರಬಹುದು. ಹಾಗಾಗಿ ಸಾಲ ತೆಗೆದು ವೆಬ್‌ಸೈಟ್ ಕೊಳ್ಳಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಎಷ್ಟು ಜನ ಬರುತ್ತಾರೆ ಅಂತ ತೋರಿಸುವ ಗೂಗಲ್ ಅನಲಿಟಿಕ್ಸ್, ಗೂಗಲ್ ಹುಡುಕಾಟದಲ್ಲಿ ವೆಬ್‌ಸೈಟ್ ಹೇಗಿದೆ ಅಂತ ತೋರಿಸುವ ಸರ್ಚ್ ಕನ್ಸೋಲ್ ಎರಡಕ್ಕೂ ಬರೀ ನೋಡುವ ಅನುಮತಿ ಕೇಳಿ. ಕನಿಷ್ಠ ಎರಡು ವರ್ಷದ ಅಂಕಿ ನೋಡಿ, ಏಕೆಂದರೆ ಹಬ್ಬದ ಅಥವಾ ಪರೀಕ್ಷೆಯ ಸಮಯದ ಏರಿಕೆಯನ್ನೇ ವರ್ಷವಿಡೀ ಇದೆ ಅನ್ನುವ ಹಾಗೆ ತೋರಿಸುವವರಿದ್ದಾರೆ. ಸರ್ಚ್ ಕನ್ಸೋಲ್‌ನಲ್ಲಿ ಮ್ಯಾನ್ಯುಯಲ್ ಆಕ್ಷನ್ಸ್ ಅನ್ನುವ ಪುಟ ಇದೆ. ಗೂಗಲ್ ದಂಡ ಹಾಕಿದ್ದರೆ ಅಲ್ಲಿ ಕಾಣುತ್ತದೆ. ಹೇಳಿದ ಆದಾಯವನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಿ. ಆ್ಯಡ್‌ಸೆನ್ಸ್ (ಗೂಗಲ್‌ನ ಜಾಹೀರಾತು ಸೇವೆ) ಖಾತೆಯನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಬರುವುದಿಲ್ಲ. ನಿಮ್ಮದೇ ಖಾತೆಗೆ ಒಪ್ಪಿಗೆ ಸಿಗುವ ತನಕ ಜಾಹೀರಾತಿನ ದುಡ್ಡು ನಿಲ್ಲುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಫೇಸ್‌ಬುಕ್ ಪುಟ, ಉಚಿತ ಬ್ಲಾಗ್ ವಿಳಾಸ ಇವನ್ನು ಆಸ್ತಿ ಅಂತ ಎಣಿಸಬೇಡಿ. 90ರ ದಶಕದಲ್ಲಿ ಜಿಯೊಸಿಟೀಸ್ ಅನ್ನುವ ಸೇವೆ ಬಡಾವಣೆಗಳ ಹೆಸರಿಟ್ಟು, ಮನೆ ನಂಬರಿನ ಹಾಗೆ ನಂಬರ್ ಕೊಟ್ಟು ಜನರಿಗೆ ಉಚಿತ ಪುಟ ಹಂಚುತ್ತಿತ್ತು. ಯಾಹೂ ಅದನ್ನು 1999ರಲ್ಲಿ ಕೊಂಡು 2009ರಲ್ಲಿ ಮುಚ್ಚಿತು. ಅಲ್ಲಿ ಮನೆ ಕಟ್ಟಿದವರಿಗೆ ಹಕ್ಕು ಏನೂ ಇರಲಿಲ್ಲ.

ಹೆಜ್ಜೆ 5: ಅಗ್ರಿಮೆಂಟ್‌ನಲ್ಲಿ ಇವು ಇರಲಿ

ಡೊಮೈನ್, ಕಡತಗಳು, ಡೇಟಾಬೇಸ್, ಫೋಟೊ, ಸಾಮಾಜಿಕ ಜಾಲತಾಣದ ಖಾತೆ ಒಂದೊಂದನ್ನೂ ಹೆಸರಿಸಿ ಬರೆಸಿ. ಬರಹ ಮತ್ತು ಕೋಡ್ ವಿಷಯದಲ್ಲಿ 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಗಮನಿಸಿ. ಹಕ್ಕು ವರ್ಗಾವಣೆ ಬರವಣಿಗೆಯಲ್ಲೇ ಇರಬೇಕು. ಅವಧಿ ಬರೆಯದಿದ್ದರೆ ಬರೀ 5 ವರ್ಷಕ್ಕೆ ಅಂತ ಲೆಕ್ಕ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ‘ಎಲ್ಲ ಹಕ್ಕು ಕೊಟ್ಟಿದ್ದೇನೆ’ ಅನ್ನುವ ಒಂದು ಸಾಲು ಸಾಲದು. ಕಾಪಿರೈಟ್ ಇರುವಷ್ಟೂ ಕಾಲ, ಇಡೀ ಜಗತ್ತಿಗೆ ಅಂತ ಸ್ಪಷ್ಟವಾಗಿ ಬರೆಸಿ. ಬರಹಗಳನ್ನು ಹೊರಗಿನವರಿಂದ ಬರೆಸಿದ್ದರೆ ಅವರು ಮಾರುವವರಿಗೆ ಹಕ್ಕು ಬರೆದುಕೊಟ್ಟಿದ್ದಾರೆಯೇ ಅಂತಲೂ ಕೇಳಿ.

ಹೆಜ್ಜೆ 6: ದುಡ್ಡು ಮತ್ತು ಹಸ್ತಾಂತರ

ಪೂರ್ತಿ ದುಡ್ಡು ಮೊದಲೇ ಕೊಡಬೇಡಿ. ಎಸ್ಕ್ರೊ ಸೇವೆ ಬಳಸಿದರೆ ದುಡ್ಡು ಮಧ್ಯಸ್ಥರ ಬಳಿ ಇದ್ದು, ಡೊಮೈನ್ ನಿಮ್ಮ ಖಾತೆಗೆ ಬಂದ ಮೇಲೆ ಮಾರಿದವರಿಗೆ ಸೇರುತ್ತದೆ. ವರ್ಗಾವಣೆಗೆ ಮಾರುವವರು ಡೊಮೈನ್ ಲಾಕ್ ತೆಗೆದು ಆಥ್ ಕೋಡ್, ಅಂದರೆ ವರ್ಗಾವಣೆಗೆ ಬೇಕಾದ ಗುಪ್ತ ಕೋಡ್, ಕೊಡಬೇಕು. ಡಾಟ್ ಕಾಮ್ ಹೆಸರು ಹೊಸದಾಗಿ ನೋಂದಣಿ ಆಗಿ 60 ದಿನ ಆಗಿರದಿದ್ದರೆ ರಿಜಿಸ್ಟ್ರಾರ್ ಬದಲಿಸಲು ಬರುವುದಿಲ್ಲ. ಆಗ ಅದೇ ರಿಜಿಸ್ಟ್ರಾರ್‌ನಲ್ಲಿ ನಿಮ್ಮ ಖಾತೆ ತೆರೆದು ಅಲ್ಲಿಗೆ ಹಾಕಿಸಿಕೊಳ್ಳಿ. ಬಂದ ಕೂಡಲೇ ಪಾಸ್‌ವರ್ಡ್ ಬದಲಿಸಿ, ಲಾಕ್ ಹಾಕಿ, ಎರಡು ಹಂತದ ಲಾಗಿನ್ ಆನ್ ಮಾಡಿ.

ಹೆಜ್ಜೆ 7: ಕೈಯಲ್ಲಿ ಉಳಿಸಿಕೊಳ್ಳುವುದು

1999ರ ಡಿಸೆಂಬರ್‌ನಲ್ಲಿ ಮೈಕ್ರೊಸಾಫ್ಟ್‌ನಂಥ ಕಂಪನಿಯೇ ತನ್ನ ಹಾಟ್‌ಮೇಲ್ ಇಮೇಲ್ ಸೇವೆಯ ಲಾಗಿನ್‌ಗೆ ಬೇಕಾದ ಪಾಸ್‌ಪೋರ್ಟ್ ಡಾಟ್ ಕಾಮ್ ನವೀಕರಿಸಲು ಮರೆತಿತ್ತು. ಹಾಟ್‌ಮೇಲ್ ಲಾಗಿನ್ ಕೆಟ್ಟುಹೋಗಿ, ಹೊರಗಿನ ಪ್ರೋಗ್ರಾಮರ್ ಒಬ್ಬರು 35 ಡಾಲರ್ ಶುಲ್ಕ ಕಟ್ಟಿ ಉಪಕಾರ ಮಾಡಿದರು. ಅಂಥ ಉಪಕಾರ ಎಲ್ಲರಿಗೂ ಸಿಗುವುದಿಲ್ಲ. ಅವಧಿ ಮುಗಿದ ಡಾಟ್ ಕಾಮ್ ಹೆಸರನ್ನು ರಿಜಿಸ್ಟ್ರಾರ್ ಕೆಲವು ದಿನ ಇಟ್ಟುಕೊಳ್ಳುತ್ತದೆ. ಆಮೇಲೆ ಜಾಸ್ತಿ ಶುಲ್ಕ ಕಟ್ಟಿ ಬಿಡಿಸಿಕೊಳ್ಳಲು 30 ದಿನ. ನಂತರ 5 ದಿನ ಬಿಟ್ಟು ಅದು ಯಾರಿಗೆ ಬೇಕಾದರೂ ಸಿಗುತ್ತದೆ. ತಾನಾಗೇ ನವೀಕರಣ ಆಗುತ್ತದೆ ಅಂತ ನಂಬಿ ಕೂರಬೇಡಿ. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದ ಮೇಲೆ, ಕಾರ್ಡಿನಿಂದ ಪದೇ ಪದೇ ದುಡ್ಡು ಕಡಿತ ಆಗಲು ಮೊದಲೇ ಒಪ್ಪಿಗೆ ದಾಖಲಿಸಿರಬೇಕು. ಅದಿಲ್ಲದಿದ್ದರೆ ಪಾವತಿ ತಿರಸ್ಕಾರ ಆಗುತ್ತದೆ.

ರಿಜಿಸ್ಟ್ರಾರ್ ಖಾತೆಗೆ ಅದೇ ಡೊಮೈನಿನ ಇಮೇಲ್ ಕೊಡಬೇಡಿ. ಡೊಮೈನ್ ನಿಂತರೆ ಆ ಇಮೇಲೂ ನಿಲ್ಲುತ್ತದೆ, ಖಾತೆ ತೆರೆಯುವ ದಾರಿಯೇ ಮುಚ್ಚುತ್ತದೆ. ಮುಖ್ಯ ಹೆಸರನ್ನು ಒಂದೇ ಸಲಕ್ಕೆ ಐದಾರು ವರ್ಷಕ್ಕೆ ನವೀಕರಿಸಿ. ರಿಜಿಸ್ಟ್ರಾರ್ ಹೆಸರು, ಲಾಗಿನ್ ಇಮೇಲ್, ಮುಗಿಯುವ ದಿನಾಂಕ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಮನೆಯ ಕ್ರಯಪತ್ರ ಇರುವ ಫೈಲಿನಲ್ಲೇ ಇಟ್ಟು, ಮನೆಯಲ್ಲಿ ಇನ್ನೊಬ್ಬರಿಗೆ ತೋರಿಸಿಡಿ.