ಲಕ್ವಕ್ಕೆ ಕಾರಣ ಯಾವುದು? ಸ್ಕ್ಯಾನ್‌ನಲ್ಲಿ ಹುಡುಕುವ ಬಗೆ

ಮಿದುಳಿನ ರಕ್ತನಾಳ ಕಟ್ಟಿಕೊಂಡು ಇಲ್ಲವೇ ಒಡೆದು ಲಕ್ವ (ಸ್ಟ್ರೋಕ್) ಹೊಡೆದವರು ಆಸ್ಪತ್ರೆಗೆ ಬಂದ ಕೂಡಲೇ ಬೆರಳು ಚುಚ್ಚಿ ಸಕ್ಕರೆ ನೋಡಬೇಕು. ಸಕ್ಕರೆ ತೀರಾ ಇಳಿದಾಗಲೂ ಒಂದು ಕಡೆಯ ಕೈಕಾಲು ಸೋಲುವುದುಂಟು, ಮಾತು ತೊದಲುವುದುಂಟು. ಅದಲ್ಲವೆಂದಾದರೆ ನೇರ ತಲೆಯ ಸಿ.ಟಿ. ಸ್ಕ್ಯಾನ್.

ಹೊಸ ರಕ್ತಸ್ರಾವ ಸಿ.ಟಿ.ಯಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ರಕ್ತನಾಳ ಕಟ್ಟಿಕೊಂಡಿದ್ದರೆ ಮೊದಲ ಕೆಲವು ಗಂಟೆ ಏನೂ ಕಾಣದಿರಬಹುದು. ‘ಸ್ಕ್ಯಾನ್ ನಾರ್ಮಲ್’ ಎಂದರೆ ರಕ್ತಸ್ರಾವ ಇಲ್ಲ ಎಂದಷ್ಟೇ ಅರ್ಥ; ಲಕ್ವ ಇಲ್ಲವೆಂದು ಮನೆಗೆ ಕರೆದೊಯ್ಯುವುದು ದೊಡ್ಡ ತಪ್ಪು. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಬೀಳಬೇಕು. ಅದನ್ನು ಕೊಡಲು ಎಂ.ಆರ್.ಐ.ಗಾಗಿ ಕಾಯಬೇಕಿಲ್ಲ.

ಮುಂದಿನದು ರಕ್ತನಾಳಗಳನ್ನು ತೋರಿಸುವ ಸಿ.ಟಿ. ಆ್ಯಂಜಿಯೋಗ್ರಾಮ್. ಇದನ್ನು ಎದೆಯೊಳಗಿನ ಮಹಾಪಧಮನಿಯ ಕಮಾನಿನಿಂದ ನೆತ್ತಿಯವರೆಗೂ ತೆಗೆಯಬೇಕು. ತಲೆಯನ್ನಷ್ಟೇ ತೆಗೆದರೆ ಕುತ್ತಿಗೆಯ ಕ್ಯಾರೋಟಿಡ್ ನಾಳದಲ್ಲಿ ಕೊಬ್ಬು ಕಟ್ಟಿದ್ದು ತಪ್ಪಿಹೋಗುತ್ತದೆ. ಮಿದುಳಿನ ದೊಡ್ಡ ನಾಳದಲ್ಲಿ ಹೆಪ್ಪು ಕಂಡರೆ, ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ತೊಡೆಯ ನಾಳದಿಂದ ನಳಿಕೆ ತೂರಿಸಿ ಅದನ್ನು ತೆಗೆಯಬಹುದು.

ಕಾರಣದ ನಿಜವಾದ ಸುಳಿವು ಎಂ.ಆರ್.ಐ.ಯ ಡಿಫ್ಯೂಷನ್ ಚಿತ್ರದಲ್ಲಿದೆ. ರಕ್ತ ಸಿಗದ ಜೀವಕೋಶ ಊದಿಕೊಳ್ಳುತ್ತದೆ, ನೀರಿನ ಕಣಗಳ ಓಡಾಟ ತಗ್ಗುತ್ತದೆ, ಆ ಜಾಗ ಬೆಳ್ಳಗಾಗುತ್ತದೆ. ಅದೇ ಜಾಗ, ಆ ಓಡಾಟವನ್ನೇ ಅಳೆದು ತೋರಿಸುವ ಎ.ಡಿ.ಸಿ. ಚಿತ್ರದಲ್ಲಿ ಕಪ್ಪಗಿದ್ದರೆ ಮಾತ್ರ ಗಾಯ ಹೊಸದು. ಹಳೆಯ ಗಾಯವೂ ಡಿಫ್ಯೂಷನ್‌ನಲ್ಲಿ ಬಿಳಿಯಾಗಿ ಮೋಸ ಮಾಡಬಲ್ಲದು. ಮಿದುಳುಕಾಂಡದ ಸಣ್ಣ ಲಕ್ವ ಮೊದಲ ದಿನ ಕಾಣದಿರಬಹುದು. ಲಕ್ಷಣ ಸ್ಪಷ್ಟವಿದ್ದರೆ ಒಂದೆರಡು ದಿನ ಬಿಟ್ಟು ಮತ್ತೆ ತೆಗೆಯಬೇಕು.

ಈಗ ಬಿಳಿ ಚುಕ್ಕೆಗಳು ಎಲ್ಲೆಲ್ಲಿ ಬಿದ್ದಿವೆ ಎಂದು ನೋಡಿ. ಎಡಕ್ಕೂ ಬಲಕ್ಕೂ, ಮುಂದಕ್ಕೂ ಹಿಂದಕ್ಕೂ ಚದುರಿದ್ದರೆ ಹೆಪ್ಪು ಹೃದಯದಿಂದ ಹಾರಿಬಂದಿರುವ ಅನುಮಾನ ಬಲವಾಗುತ್ತದೆ. ಒಂದೇ ಪಕ್ಕದಲ್ಲಿ, ಎರಡು ನಾಳಗಳು ರಕ್ತ ಕೊಡುವ ಜಾಗಗಳ ಎಲ್ಲೆ ಸೇರುವಲ್ಲಿ ಮಣಿ ಪೋಣಿಸಿದಂತಿದ್ದರೆ ಅದೇ ಪಕ್ಕದ ಕ್ಯಾರೋಟಿಡ್ ನೋಡಿ. ಮಿದುಳಿನ ಆಳದಲ್ಲಿ 2 ಸೆಂಟಿಮೀಟರ್‌ಗಿಂತ ಚಿಕ್ಕದಾದ ಒಂದೇ ಚುಕ್ಕೆಯಿದ್ದರೆ ಬಿ.ಪಿ., ಸಕ್ಕರೆಯಿಂದ ಸಣ್ಣ ನಾಳ ಕೆಟ್ಟಿರುವ ಸಾಧ್ಯತೆ ಹೆಚ್ಚು.

ಇಷ್ಟು ಹುಡುಕುವುದು ಮುಂದಿನ ಔಷಧಕ್ಕಾಗಿ. ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಇದ್ದವರಿಗೆ ಆಸ್ಪಿರಿನ್ ಸಾಲದು, ರಕ್ತ ತೆಳುವಾಗಿಸುವ ಬೇರೆಯೇ ಮಾತ್ರೆ ಬೇಕು. ಲಕ್ವದ ಪಕ್ಕದ ಕ್ಯಾರೋಟಿಡ್ ಶೇ 70ಕ್ಕೂ ಹೆಚ್ಚು ಕಿರಿದಾಗಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಹೃದಯದ ಆ ತಾಳ ತಪ್ಪುವಿಕೆ ಕೆಲವರಲ್ಲಿ ಬಂದು ಹೋಗುತ್ತಿರುತ್ತದೆ, ಒಂದು ಇ.ಸಿ.ಜಿ. ಸರಿಯಿದೆಯೆಂದು ಕೈಬಿಡದೆ ದಿನವಿಡೀ ಬಡಿತ ದಾಖಲಿಸುವ ಹೋಲ್ಟರ್ ಹಾಕಿಸಿ.

ರಕ್ತಸ್ರಾವವಾಗಿದ್ದರೂ ಜಾಗವೇ ಮಾತಾಡುತ್ತದೆ. ಆಳದಲ್ಲಿದ್ದರೆ ಹೆಚ್ಚಾಗಿ ಬಿ.ಪಿ.; ವಯಸ್ಸಾದವರಲ್ಲಿ ಅಂಚಿನಲ್ಲಿದ್ದರೆ ನಾಳದ ಗೋಡೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಕೂತಿರಬಹುದು. ಬಾಣಂತಿಗೆ ಬಿಡದ ತಲೆನೋವು, ಜೊತೆಗೆ ಫಿಟ್ಸ್ ಬಂದರೆ ಮಿದುಳಿನ ಅಭಿಧಮನಿ ಕಟ್ಟಿದೆಯೇ ಎಂದು ನೋಡಲು ವೆನೋಗ್ರಾಮ್ ಬೇಕು. ಸಾಮಾನ್ಯ ಸ್ಕ್ಯಾನ್‌ನಲ್ಲಿ ಅದು ತಪ್ಪಬಹುದು, ಚೀಟಿಯಲ್ಲಿ ಬರೆಸಿಯೇ ಮಾಡಿಸಬೇಕು. ಅಲ್ಲಿ ರಕ್ತ ಸೋರಿದ್ದು ಕಂಡರೂ ಚಿಕಿತ್ಸೆ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ನೇ.