ಒಂಬತ್ತು ಕಿಲೋ ಮಾಲ್ಟ್, ಎರಡು ಸಲ ಮ್ಯಾಶ್

ಹೋದ ಹುತ್ತರಿಗೆ ತೆಗೆದ ಬಾಟಲಿ ಕುಡಿದು ನಮ್ಮ ಗುಂಪಿನವರು ಸುಮ್ಮನಾದರು. ಮನೆಯಲ್ಲೇ ಮಾಡಿದ, ಆಲ್ಕೋಹಾಲ್ 9 ಪರ್ಸೆಂಟ್ ದಾಟಿದ ಬಿಯರ್. ಒಂದು ಚಮಚ ಸಕ್ಕರೆ ಹಾಕಿಲ್ಲ. ಮ್ಯಾಶ್ ಮಾಡಿದ್ದು ಅದೇ ಹಳೇ 30 ಲೀಟರ್ ಐಸ್ ಬಾಕ್ಸಿನಲ್ಲಿ. ಮ್ಯಾಶ್ ಅಂದರೆ ಒಡೆದ ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಕಾಳು) ಬಿಸಿನೀರಲ್ಲಿ ಕಲಸಿಡುವುದು, ಅದರಿಂದ ಇಳಿಯುವ ಸಿಹಿ ನೀರೇ ವರ್ಟ್. "ವರ್ಟಿಗೇ ಮತ್ತೆ ಮಾಲ್ಟ್ ಕಲಸಿದ್ರೆ ಗಂಜಿ ಆಗುತ್ತೆ ಅಷ್ಟೇ ಅಣ್ಣ" ಅಂದಿದ್ದವರೇ ಈಗ ಹೇಗೆ ಅಂತ ಕೇಳುತ್ತಿದ್ದಾರೆ.

ಇದಕ್ಕೆ ಮೊದಲು ಮೂರು ಬ್ಯಾಚ್ ಕೆಡಿಸಿದ್ದೇನೆ. ಬೆಂಗಳೂರಿನಿಂದ ಮಾಲ್ಟ್ ತರಿಸಿ, ಕೊರಿಯರ್, ಗ್ಯಾಸ್ ಎಲ್ಲ ಸೇರಿ ಒಂದೊಂದಕ್ಕೆ 2,500 ರೂಪಾಯಿ ಹತ್ತಿರ.

ಮೊದಲನೆಯದರಲ್ಲಿ 9 ಕಿಲೋ ಒಟ್ಟಿಗೇ ತುಂಬಿದೆ. ಬಾಕ್ಸ್ ಬಾಯಿವರೆಗೆ ಬಂತು, ಕಾಳಿನ ಸಿಹಿ ತೊಳೆದು ಇಳಿಸಲು ನೀರಿಗೆ ಜಾಗವೇ ಇಲ್ಲ. 20 ಲೀಟರಿಗೆ ಸಾಂದ್ರತೆ 1.095 ಬೇಕಿತ್ತು (ಬರೀ ನೀರು 1.000, ಸಿಹಿ ಹೆಚ್ಚಿದಷ್ಟೂ ಏರುತ್ತೆ), ಸಿಕ್ಕಿದ್ದು 1.073. ಅರ್ಧಕ್ಕರ್ಧ ಸಿಹಿ ಕಾಳಿನಲ್ಲೇ ಉಳಿಯಿತು. ಪಕ್ಕದ ಮನೆ ಹಂದಿಗಳಿಗೆ ಹಬ್ಬ.

ಎರಡನೆಯದರಲ್ಲಿ ಮಾಲ್ಟನ್ನು ನುಣ್ಣಗೆ ಒಡೆದೆ. ಬಾಕ್ಸಿನ ನಲ್ಲಿ ಕಟ್ಟಿಕೊಂಡಿತು. ರಾತ್ರಿ ಹನ್ನೊಂದರವರೆಗೆ ಸೌಟು ಹಿಡಿದು ನಿಂತಿದ್ದೆ. ಆಮೇಲೆ ವರ್ಟ್ ಇಳಿಯಲು ಸಂದು ಇರಲಿ ಅಂತ ಅಕ್ಕಿ ಮಿಲ್ಲಿನಿಂದ ಭತ್ತದ ಹೊಟ್ಟು ತಂದೆ. ಒಂದು ಚೀಲ ಸುಮ್ನೆ ಕೊಟ್ಟರು. ಬಿಸಿನೀರಲ್ಲಿ ಎರಡು ಸಲ ತೊಳೆದು, ಕಾಲು ಕಿಲೋ ಬೆರೆಸಿದರೆ ಸಾಕು. ಅಲ್ಲಿಂದ ಇಲ್ಲಿವರೆಗೆ ಒಮ್ಮೆಯೂ ಕಟ್ಟಿಲ್ಲ.

ಮೂರನೆಯದು ಥರ್ಮಾಮೀಟರ್ ಕಾಟ. ಕುದಿಯುವ ನೀರಲ್ಲಿ ಇಟ್ಟರೆ 96 ತೋರಿಸಿತು. ನಾಲ್ಕು ಡಿಗ್ರಿ ಕಮ್ಮಿ ತೋರಿಸುತ್ತಿದೆ ಅಂದುಕೊಂಡು, ಮ್ಯಾಶಿನಲ್ಲಿ 62 ಬಂದಾಗ ಅದನ್ನೇ ಬೇಕಾದ 66 ಅಂತ ಲೆಕ್ಕ ಹಾಕಿದೆ. ಆದರೆ ಮಡಿಕೇರಿ 1,100 ಮೀಟರಿಗಿಂತ ಎತ್ತರ, ಇಲ್ಲಿ ನೀರು ಕುದಿಯುವುದೇ 96ರ ಆಸುಪಾಸಿನಲ್ಲಿ! ಥರ್ಮಾಮೀಟರ್ ಸರಿಯಾಗೇ ಇತ್ತು. ಮ್ಯಾಶ್ ನಿಜಕ್ಕೂ 62ರಲ್ಲೇ ಆಗಿ, ಬಿಯರ್ ಸಿಹಿ ಉಳಿಯದೆ ಒಣಕಲಾಗಿ, ನೀರುನೀರಾಗಿ ಹೋಯಿತು. ಬೆಟ್ಟದ ಮೇಲೆ ಮಾಡುವವರು ಇದನ್ನು ನೆನಪಿಡಿ.

ಈಗ ಮಾಡುವುದು ಹೀಗೆ. ಮಾಲ್ಟನ್ನು ಎರಡು ಪಾಲು ಮಾಡುತ್ತೇನೆ. ಮೊದಲ ನಾಲ್ಕೂವರೆ ಕಿಲೋಗೆ 72 ಡಿಗ್ರಿಯ 14 ಲೀಟರ್ ನೀರು, 66ರಲ್ಲಿ ಒಂದು ಗಂಟೆ. ಇಳಿಸಿ, ಇನ್ನು 12 ಲೀಟರಿನಲ್ಲಿ ಚೆನ್ನಾಗಿ ತೊಳೆಯುತ್ತೇನೆ. 21 ಲೀಟರ್ ಬರುತ್ತದೆ, 1.048 ಇರಬಹುದು. ಅದನ್ನು 70ಕ್ಕೆ ಕಾಯಿಸಿ, ನೀರಿನ ಬದಲು ಅದರಲ್ಲೇ ಉಳಿದ ನಾಲ್ಕೂವರೆ ಕಿಲೋ ಕಲಸುವುದು. ಗಂಜಿ ಆಗಲ್ಲ. ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವವನ್ನು ಹೊಸ ಮಾಲ್ಟ್ ತಾನೇ ತರುತ್ತೆ ಅಲ್ವಾ? ಸ್ವಲ್ಪ ನಿಧಾನ, ಅಷ್ಟೇ. ಒಂದೂವರೆ ಗಂಟೆ ಬಿಡಿ, ಪಿಷ್ಟ ಉಳಿದಿದ್ದರೆ ಅಯೋಡಿನ್ ಹನಿ ನೀಲಿ ಆಗುತ್ತೆ, ಆಗದಿದ್ದರೆ ಇಳಿಸಿ. ಕೊನೆಗೆ ಆರು ಲೀಟರಿನಲ್ಲಿ ತೊಳೆದು, ಕುದಿಸಿ 20 ಲೀಟರಿಗೆ ತಂದರೆ 1.096. ಅದೇ 9 ಕಿಲೋ! ಎಫಿಷಿಯೆನ್ಸಿ, ಅಂದರೆ ಕಾಳಿನಲ್ಲಿರುವ ಸಿಹಿಯಲ್ಲಿ ಕೈಗೆ ಸಿಕ್ಕ ಪಾಲು, ಐವತ್ತು ಪರ್ಸೆಂಟಿನ ಮೇಲಿದ್ದದ್ದು ಎಪ್ಪತ್ತರ ಹತ್ತಿರ ಬಂತು. ಮೊದಲಿನ ಲೆಕ್ಕದಲ್ಲಿ ಇನ್ನೂ ಮೂರು ಕಿಲೋ ಬೇಕಿತ್ತು, ನಾನೂರು ರೂಪಾಯಿ ಉಳಿತಾಯ.

ಎರಡೂ ಒಂದೇ ದಿನ ಮುಗಿಸಿ. ಒಮ್ಮೆ ಗ್ಯಾಸ್ ಖಾಲಿಯಾಗಿ ಮೊದಲ ವರ್ಟನ್ನು ಬೆಳಗ್ಗೆವರೆಗೆ ಬಿಟ್ಟಿದ್ದೆ, ಹುಳಿ ವಾಸನೆ ಹಿಡಿಯಿತು. ಈಗ ಬೆಳಗ್ಗೆ ಆರಕ್ಕೇ ಒಲೆ ಹಚ್ಚುತ್ತೇನೆ.

ನಮ್ಮ ತೋಟದ ಬಾವಿ ನೀರು ಮೃದು, ಅಂದರೆ ಲವಣ ಕಮ್ಮಿ. ಅದಕ್ಕೆ ಎರಡನೇ ಮ್ಯಾಶಿಗೆ ಯಾವ ಲವಣ, ಎಷ್ಟು ಹಾಕುತ್ತೇನೆ ಅನ್ನೋದು ಸದ್ಯ ನನ್ನ ಹತ್ತಿರವೇ ಇರಲಿ. ಯೀಸ್ಟ್ ಮಾತ್ರ ಎರಡು ಪ್ಯಾಕೆಟ್, ಕಂಜೂಸಿ ಮಾಡಬೇಡಿ. ಜನವರಿ ಚಳಿಯಲ್ಲಿ ಫ್ರಿಜ್ ಇಲ್ಲದೆ 18 ಡಿಗ್ರಿಯಲ್ಲಿ ಹುದುಗಿ ಸಾಂದ್ರತೆ 1.024ಕ್ಕೆ ಇಳಿದು ನಿಂತಿತು.

ಹಿಂಡಿದ ಕಾಳಿಗೆ ಮತ್ತೆ ಬಿಸಿನೀರು ಹಾಕಿ ಎಂಟು ಲೀಟರ್ ತೆಳು ವರ್ಟನ್ನೂ ಇಳಿಸಿದೆ. ಹುದುಗಿದ ಮೇಲೆ ನಮ್ಮದೇ ಅರೇಬಿಕಾ ಪುಡಿಯನ್ನು ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ, ಸೋಸಿ ಬೆರೆಸಿದೆ. ಹಗುರವಾದ ಬಿಯರ್, ಮಧ್ಯಾಹ್ನಕ್ಕೆ ಚೆನ್ನ. ರಾಗಿ ಮಾಲ್ಟ್ ಸೇರಿಸಿದ್ದು ಮಾತ್ರ ಅಂಟಂಟಾಯಿತು. ಈ ಸಲ ಹೊಟ್ಟು ಜಾಸ್ತಿ ಹಾಕಿ ಇನ್ನೊಮ್ಮೆ ನೋಡುತ್ತೇನೆ.