ಉಂಗುರ ಎಸೆದು ಡಬ್ಬಿ ಇಟ್ಟುಕೊಂಡವನು

"ಅಯ್ಯಯ್ಯ, ಉಂಗುರಾ ಒಗದಬಿಟ್ಟಾ!"

ಹೀಗೆ ಕೂಗಿ ದಿವಾನದಿಂದ ಅರ್ಧ ಎದ್ದವರು ಮಕ್ಕಳಲ್ಲ, ನಮ್ಮತ್ತೆ. ಟಿವಿಯಲ್ಲಿ ತುಕ್ಕು ಹಿಡಿದ ಪುಟ್ಟ ರೋಬೋ ಒಂದು ಕಸದ ರಾಶಿಯಿಂದ ಆಭರಣದ ಡಬ್ಬಿ ಎತ್ತಿಕೊಂಡು, ಒಳಗಿದ್ದ ವಜ್ರದುಂಗುರವನ್ನು ಅತ್ತ ಎಸೆದು, ಡಬ್ಬಿಯನ್ನು ಮಾತ್ರ ಟಪ್ ಟಪ್ ಅಂತ ತೆರೆದು ಮುಚ್ಚಿ ನೋಡಿ ಖುಷಿಯಾಗಿ ತೆಗೆದಿಟ್ಟುಕೊಂಡಿತ್ತು. ಚಾಪೆಯ ಮೇಲಿದ್ದ ನಾಲ್ಕು ಮಕ್ಕಳು ಸಿನಿಮಾ ಬಿಟ್ಟು ಅಜ್ಜಿಯ ಮುಖ ನೋಡಿ ಬಿದ್ದು ಬಿದ್ದು ನಕ್ಕವು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಹಾಗೆ ಕೂರುವುದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿದಿತ್ತು.

ಸಿನಿಮಾ 'ವಾಲ್-ಈ'. 2008ರದ್ದು, ಪಿಕ್ಸಾರ್‌ನವರು ತೆಗೆದದ್ದು, ನಿರ್ದೇಶಕ ಆಂಡ್ರ್ಯೂ ಸ್ಟ್ಯಾಂಟನ್. ಮನುಷ್ಯರು ಭೂಮಿಯನ್ನೆಲ್ಲ ಕಸದಿಂದ ತುಂಬಿಸಿ, ದೊಡ್ಡ ನೌಕೆ ಹತ್ತಿ ಅಂತರಿಕ್ಷಕ್ಕೆ ಹೋಗಿಬಿಟ್ಟಿದ್ದಾರೆ. ಐದು ವರ್ಷಕ್ಕೆ ಅಂತ ಹೋದವರು 700 ವರ್ಷವಾದರೂ ವಾಪಸ್ ಬಂದಿಲ್ಲ. ಕಸ ತೆಗೆಯಲು ಬಿಟ್ಟುಹೋದ ರೋಬೋಗಳಲ್ಲಿ ಒಂದೇ ಒಂದು ಇನ್ನೂ ಓಡಾಡಿಕೊಂಡಿದೆ. ದಿನವಿಡೀ ಕಸವನ್ನು ಹೊಟ್ಟೆಯೊಳಗೆ ಅದುಮಿ, ಇಟ್ಟಿಗೆ ಮಾಡಿ, ಒಂದರ ಮೇಲೊಂದು ಪೇರಿಸುವುದು ಅದರ ಕೆಲಸ. ಜೊತೆಗೆ ಇರುವುದು ಒಂದು ಜಿರಲೆ.

ಎರಡು ವರ್ಷದ ಹಿಂದೆ ಇದನ್ನೇ ದೊಡ್ಡ ಮಗಳಿಗೆ ತೋರಿಸಿದ್ದೆ. ಆಗ ಅವಳಿಗೆ ಒಂಬತ್ತು. ಶಾಲೆಯಲ್ಲಿ ಪರಿಸರ ದಿನಕ್ಕೆ ಚಿತ್ರ ಬರೆಯುವ ಸ್ಪರ್ಧೆ ಇತ್ತು, ಇವಳಿಗೆ ಐಡಿಯಾ ಬರಲಿ ಅಂತ ನನ್ನ ಲೆಕ್ಕಾಚಾರ. ರಿಮೋಟ್ ನನ್ನ ಕೈಯಲ್ಲಿ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, "ನೋಡಿದ್ಯಾ, ಪ್ಲಾಸ್ಟಿಕ್ ಎಸೆದರೆ ಹೀಗಾಗುತ್ತೆ", "ಇಲ್ಲಿ ಒಂದು ಮರ ಆದರೂ ಇದ್ಯಾ ಹೇಳು" ಅಂತ ಶುರು ಮಾಡಿದೆ. ನಾಲ್ಕನೇ ಸಲ ನಿಲ್ಲಿಸಿದಾಗ ಅವಳು, "ಅಮ್ಮ, ನನಗೆ ಹೋಂವರ್ಕ್ ಇದೆ" ಅಂತ ಎದ್ದು ಹೋದಳು. ಭಾನುವಾರ ತಾನಾಗಿ ಹೋಂವರ್ಕ್‌ಗೆ ಎದ್ದು ಹೋದ ಮಗು ನನಗೆ ಗೊತ್ತಿರುವಂತೆ ಅದೊಂದೇ. ಸ್ಪರ್ಧೆಯಲ್ಲಿ ಭೂಮಿಗೆ ಕೈ ಮುಗಿದ ಚಿತ್ರ ಬರೆದು ಸಮಾಧಾನಕರ ಬಹುಮಾನ ತಂದಳು. ಬರುವ ದಾರಿಯಲ್ಲಿ ಬಹುಮಾನದ ಪೆನ್ಸಿಲ್ ಡಬ್ಬಿಯ ಕವರ್ ಬಿಚ್ಚಿ ಆಟೋದಿಂದ ಹೊರಗೆ ಬಿಟ್ಟಳು.

ಆ ಕವರ್ ಗಾಳಿಯಲ್ಲಿ ಹಾರಿಹೋದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಎಲ್ಲೋ ಓದಿದೆ, ತಾನು ತೆಗೆಯಲು ಹೊರಟದ್ದು ಪರಿಸರದ ಪಾಠವನ್ನಲ್ಲ, ಒಂದು ಪ್ರೇಮಕಥೆಯನ್ನು ಅಂತ ಸ್ಟ್ಯಾಂಟನ್ ಹೇಳಿಕೊಂಡಿದ್ದಾನೆ. ಸಿನಿಮಾ ಮಾಡಿದವನೇ ಪಾಠ ಮಾಡಿಲ್ಲ, ನಡುವೆ ಮೇಷ್ಟರಾಗಲು ನಾನ್ಯಾರು ಅನ್ನಿಸಿತು.

ಈ ಸಲ ಬೇಸಿಗೆ ರಜೆ. ನನ್ನ ಎರಡು, ನಾದಿನಿಯ ಒಂಬತ್ತು ವರ್ಷದ ಮಗ, ಮಹಡಿ ಮನೆಯ ಹುಡುಗಿ, ಜೊತೆಗೆ ಧಾರವಾಡದಿಂದ ಬಂದ ಅತ್ತೆ. ಮಾಡಿಕೊಂಡ ಏರ್ಪಾಡು ದೊಡ್ಡದೇನಲ್ಲ. ಕಿಟಕಿಗೆ ಕಂಬಳಿ ಕಟ್ಟಿದೆ. ರಿಮೋಟನ್ನು ಅಡುಗೆಮನೆಯಲ್ಲಿಟ್ಟು ಬಂದೆ, ಕೈಗೆ ಸಿಕ್ಕರೆ ನಿಲ್ಲಿಸುವ ಚಟ ನನ್ನದು. 98 ನಿಮಿಷದ ಸಿನಿಮಾವನ್ನು ಎರಡು ಕೂರಿಕೆಗೆ ಹಂಚಿದೆ. ವಾಲ್-ಈ ತನ್ನ ಗೆಳತಿ, ಈವ್ ಅನ್ನುವ ರೋಬೋವಿನ ಹಿಂದೆ ರಾಕೆಟ್ಟಿಗೆ ಜೋತುಬಿದ್ದು ಭೂಮಿ ಬಿಟ್ಟು ಹೋಗುವಲ್ಲಿಗೆ ಇಂಟರ್ವಲ್. ಅಲ್ಲಿಯವರೆಗೆ ಮಾತು ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಬರೀ ಶಬ್ದ, ಕಣ್ಣು, ಕೈಸನ್ನೆ. ಇಂಗ್ಲಿಷ್ ಬಾರದ ಅತ್ತೆಗೂ ಆರು ವರ್ಷದ ಚಿಕ್ಕವನಿಗೂ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಕನ್ನಡ ಡಬ್ಬಿಂಗ್ ಇಲ್ಲ ಅಂತ ಕೊರಗುವವರಿಗೆ ನಾನು ಮೊದಲು ಹೇಳುವುದು ಈ ಸಿನಿಮಾದ ಹೆಸರನ್ನೇ.

ತಿನ್ನುವುದಕ್ಕೆ ಗಿರ್ಮಿಟ್ ಮಾಡಿದ್ದೆ, ಸ್ಟೀಲ್ ಬಟ್ಟಲಲ್ಲಿ. ಇದು ಆದರ್ಶಕ್ಕಾಗಿ ಅಲ್ಲ. ಮಾತೇ ಇಲ್ಲದ ಸಿನಿಮಾದಲ್ಲಿ ಚಿಪ್ಸ್ ಪ್ಯಾಕೆಟ್ಟಿನ ಪರಪರ ಶಬ್ದ ಎಷ್ಟು ಹಿಂಸೆ ಅನ್ನುವುದನ್ನು ಹಿಂದಿನ ಸಲ ಅನುಭವಿಸಿದ್ದೆ. ಶಬ್ದವೇ ಈ ಸಿನಿಮಾದ ಅರ್ಧ ಜೀವ. ಬೆನ್ ಬರ್ಟ್ ಅನ್ನುವವನು ಮಾಡಿದ್ದು, ವಾಲ್-ಈಯ ದನಿಯೂ ಅವನದೇ. ರೋಬೋ ಚಲಿಸುವಾಗ ಬರುವ ಗುರ್ ಅನ್ನುವ ಸದ್ದು ಕೈಯಲ್ಲಿ ತಿರುಗಿಸುವ ಹಳೇ ಜನರೇಟರಿನದು. ಅದನ್ನು ಇಂಟರ್ವಲ್ಲಿನಲ್ಲಿ ಹೇಳಿದ್ದಷ್ಟೇ, ನಾದಿನಿ ಮಗ ಅಜ್ಜಿಯ ಹೊಲಿಗೆ ಮಿಷನ್ನಿನ ಚಕ್ರ ತಿರುಗಿಸಿ ತಿರುಗಿಸಿ ನೂಲು ಸಿಕ್ಕು ಮಾಡಿಟ್ಟ.

ಅತ್ತೆಯ ವಿಷಯ ಸ್ವಲ್ಪ ಹೇಳಲೇಬೇಕು. ನಮ್ಮ ಮನೆಯ ಅಟ್ಟ ಅವರದು. ಹಾರ್ಲಿಕ್ಸ್ ಬಾಟಲಿ, ಸಿಹಿತಿಂಡಿ ಡಬ್ಬಿ, ಮದುವೆ ಸೀರೆಯ ರಟ್ಟಿನ ಪೆಟ್ಟಿಗೆ, ಪಾರ್ಸೆಲ್ಲಿಗೆ ಕಟ್ಟಿದ ದಾರದ ಉಂಡೆ, ತೊಳೆದು ಒಣಗಿಸಿ ಮಡಚಿಟ್ಟ ಹಾಲಿನ ಕವರ್. ಅವರು ಬಂದಾಗಲೆಲ್ಲ ಅಟ್ಟ ತುಂಬುತ್ತದೆ, ಹೋದ ಮೇಲೆ ನಾನು ಖಾಲಿ ಮಾಡುತ್ತೇನೆ. ಇದಕ್ಕಾಗಿ ನಮ್ಮಿಬ್ಬರ ನಡುವೆ ಆಗಿರುವ ಮುಸುಕಿನ ಗುದ್ದಾಟಕ್ಕೆ ಲೆಕ್ಕವಿಲ್ಲ. ಸಿನಿಮಾದಲ್ಲಿ ವಾಲ್-ಈ ತನ್ನ ಮನೆಗೆ ಬಂದು, ದಿನದ ಗಳಿಕೆಯನ್ನೆಲ್ಲ ಹೊರತೆಗೆದು ಒಪ್ಪವಾಗಿ ಜೋಡಿಸುತ್ತಾನೆ. ಚಮಚಗಳೆಲ್ಲ ಒಂದು ಕಡೆ, ಮುಳ್ಳುಚಮಚಗಳೆಲ್ಲ ಇನ್ನೊಂದು ಕಡೆ. ಕೈಯಲ್ಲಿ ಎರಡೂ ಅಲ್ಲದ, ಚಮಚದ ತುದಿಗೇ ಹಲ್ಲು ಬಂದಂಥದ್ದೊಂದು ಇದೆ. ಅದನ್ನು ಆ ಕಡೆ ಹಿಡಿಯುತ್ತಾನೆ, ಈ ಕಡೆ ಹಿಡಿಯುತ್ತಾನೆ, ಕೊನೆಗೆ ನಡುವೆ ಇಡುತ್ತಾನೆ. ಆಗ ಚಿಕ್ಕವನು ತಿರುಗಿಯೂ ನೋಡದೆ ಹೇಳಿದ, "ಅಜ್ಜೀನೂ ವಾಲ್-ಈ."

ಎಲ್ಲರೂ ನಕ್ಕರು, ಅತ್ತೆಯೂ ನಕ್ಕರು. ನನಗೆ ಮಾತ್ರ ಕೂತಲ್ಲೇ ಮುಜುಗರವಾಯಿತು. ಯಾಕೆಂದರೆ ಹಿಂದಿನ ವಾರವಷ್ಟೇ ಅವರ ಕೆಂಪು ಮಖಮಲ್ಲಿನ ಡಬ್ಬಿಯೊಂದನ್ನು ಎಸೆದಿದ್ದೆ. ಎಂದೋ ಓಲೆ ಕೊಂಡಾಗ ಅಂಗಡಿಯವರು ಕೊಟ್ಟದ್ದು. ಅದರಲ್ಲಿ ಅವರು ಸೇಫ್ಟಿ ಪಿನ್ ಇಡುತ್ತಿದ್ದರು.

ಎರಡನೇ ದಿನದ ಭಾಗ ಅಷ್ಟು ಸಲೀಸಾಗಿರಲಿಲ್ಲ. ನೌಕೆಯೊಳಗೆ ಮಾತು ಶುರುವಾಗುತ್ತದೆ, ಅಲ್ಲಲ್ಲಿ ಒಂದೊಂದು ವಾಕ್ಯ ಕನ್ನಡದಲ್ಲಿ ಪಿಸುಗುಟ್ಟಬೇಕಾಯಿತು. ದೊಡ್ಡ ತೊಂದರೆ ಬೇರೆ. ಅಲ್ಲಿನ ಮನುಷ್ಯರು ತೇಲುವ ಕುರ್ಚಿಯಲ್ಲೇ ಹುಟ್ಟಿ ಬೆಳೆದು ದಪ್ಪಗಾಗಿರುತ್ತಾರೆ. ಮಹಡಿ ಮನೆ ಹುಡುಗಿ ಸ್ವಲ್ಪ ಗುಂಡಗಿದ್ದಾಳೆ. ನಾದಿನಿ ಮಗ ಅವಳ ಕಡೆ ಬೆರಳು ಮಾಡಿ, "ನೀನೇ ಕಣೇ!" ಅಂದ. ಅವಳು ಬಟ್ಟಲು ಕೆಳಗಿಟ್ಟಳು.

ಸಿನಿಮಾದಲ್ಲಿ ನನಗೆ ಹಿಡಿಸದ ಭಾಗ ಇದು. ದಪ್ಪಗಿರುವವರನ್ನು ತೋರಿಸಿ ನಗಿಸುವುದು ಬಹಳ ಅಗ್ಗದ ದಾರಿ. ಬಾಯಿ ಬಿಡಬಾರದು ಅಂತ ಮಾಡಿದ ಶಪಥವನ್ನು ಇಲ್ಲಿ ಮುರಿದೆ, ಅಡುಗೆಮನೆಗೆ ಹೋಗಿ ರಿಮೋಟ್ ತಂದೆ. ಬೈಯಲಿಲ್ಲ. ಅಂತರಿಕ್ಷದಲ್ಲಿ ಮೈಭಾರ ಹೊರುವ ಕೆಲಸವಿಲ್ಲದೆ ಮೂಳೆ ಸವೆಯುತ್ತದೆ, ಸೊಂಟದ ಮೂಳೆ ತಿಂಗಳಿಗೆ ಸುಮಾರು ನೂರಕ್ಕೆ ಒಂದು ಪಾಲು ಕಳೆದುಕೊಳ್ಳುತ್ತದೆ, ಅದಕ್ಕೇ ನಿಜವಾದ ಗಗನಯಾತ್ರಿಗಳು ದಿನಾ ಎರಡು ಗಂಟೆಯಷ್ಟು ವ್ಯಾಯಾಮ ಮಾಡುತ್ತಾರೆ ಅಂದೆ. "ಹಾಗಾದರೆ ಈ ಜನಕ್ಕೆ 700 ವರ್ಷದಲ್ಲಿ ಮೂಳೇನೇ ಇರಲ್ವಾ ಆಂಟಿ?" ಅಂತ ಕೇಳಿದವಳು ಆ ಹುಡುಗಿಯೇ. ಸಿನಿಮಾದಲ್ಲೂ ಮೂಳೆ ಸವೆದಿರುವುದನ್ನು ಕ್ಯಾಪ್ಟನ್‌ಗೆ ತೋರಿಸುವ ದೃಶ್ಯವಿದೆ, ಅದನ್ನು ಹಿಂದಕ್ಕೆ ಹೋಗಿ ಮತ್ತೊಮ್ಮೆ ನೋಡಿದೆವು. ನಾದಿನಿ ಮಗನ ಪಾಲಿನ ಗಿರ್ಮಿಟ್ ಅವಳ ಬಟ್ಟಲಿಗೆ ಹೋಯಿತು, ಅದು ಅತ್ತೆಯ ತೀರ್ಪು. ಕೊನೆಯ ಹತ್ತಿರ ವಾಲ್-ಈಗೆ ನೆನಪು ಹೋಗಿ ಗೆಳತಿಯ ಗುರುತೇ ಸಿಗದಿರುವಲ್ಲಿ ಚಿಕ್ಕವನು ಅತ್ತ. ಮಡಿಲಲ್ಲಿ ಕೂರಿಸಿಕೊಂಡೆ, ಮುಂದೇನಾಗುತ್ತದೆ ಅಂತ ಹೇಳಲಿಲ್ಲ. ಹೇಳಿಬಿಡುವ ಆಸೆ ಬಹಳ ಇತ್ತು.

ಮುಗಿದ ಮೇಲೆ ಏನನ್ನೂ ಕೇಳಲಿಲ್ಲ. "ಏನು ಕಲಿತಿರಿ?" ಅನ್ನುವ ಪ್ರಶ್ನೆ ಗಂಟಲವರೆಗೆ ಬಂದಿತ್ತು, ನುಂಗಿಕೊಂಡೆ. ಆ ಸಂಜೆ ಮಕ್ಕಳು ಕ್ರಿಕೆಟ್ ಆಡಿದರು, ಅಷ್ಟೇ. ನನಗೆ ಸ್ವಲ್ಪ ನಿರಾಸೆಯೂ ಆಯಿತು ಅನ್ನಿ.

ಮೂರನೇ ದಿನ ತಟ್ಟೆ ಮುಂದೆ ಕೂತಾಗ ದೊಡ್ಡವಳು ಕೇಳಿದಳು, "ಅಮ್ಮ, ವಾಲ್-ಈಗೆ ಆ ಗಿಡ ಹಳೇ ಫ್ರಿಜ್ಜಿನ ಒಳಗೆ ಸಿಕ್ತಲ್ಲ. ಬಾಗಿಲು ಮುಚ್ಚಿತ್ತು. ಬಿಸಿಲೇ ಇಲ್ಲದೆ ಅಷ್ಟು ಹಸಿರಾಗಿ ಹೇಗಿತ್ತು?"

ನಾನು ಈ ಸಿನಿಮಾವನ್ನು ನಾಲ್ಕು ಸಲ ನೋಡಿದ್ದೇನೆ, ಒಮ್ಮೆಯೂ ಹೊಳೆದಿರಲಿಲ್ಲ. ಗೊತ್ತಿಲ್ಲ, ಮಾಡಿ ನೋಡೋಣ ಅಂದೆ. ಹೆಸರುಕಾಳು ನೆನೆಸಿ ಎರಡು ತೆಂಗಿನ ಚಿಪ್ಪಿನಲ್ಲಿ ಹಾಕಿದೆವು. ಒಂದು ಕಿಟಕಿಯಲ್ಲಿ, ಇನ್ನೊಂದು ಅತ್ತೆಯ ಅಟ್ಟದಿಂದ ಇಳಿಸಿದ ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ. ಡಬ್ಬಿ ಕೊಡುವಾಗ ಅತ್ತೆ ನನ್ನ ಕಡೆ ನೋಡಿದ ನೋಟಕ್ಕೆ ಮಾತು ಬೇಕಿರಲಿಲ್ಲ. ವಾರದ ಮೇಲೆ ಮುಚ್ಚಳ ತೆಗೆದರೆ ಒಳಗಿನವು ಕಿಟಕಿಯವಕ್ಕಿಂತ ಎರಡು ಪಟ್ಟು ಉದ್ದ, ದಾರದ ಹಾಗೆ ಸಣ್ಣಗೆ, ಬಣ್ಣ ತಿಳಿ ಹಳದಿ. ಅತ್ತೆ, "ಇದರಾಗೇನು ಹೊಸಾದು ಐತಿ, ದಸರಾದಾಗ ಘಟ್ಟಾ ಹಾಕಿದ್ರ ಕತ್ತಲ್ಯಾಗ ಸಸಿ ಹಿಂಗ ಹಳದಿ ಬರ್ತಾವು" ಅಂದರು. ಬೆಳಕು ಸಿಕ್ಕರೇನೇ ಹಸಿರು, ಸಿಗದಿದ್ದರೆ ಬೀಜದಲ್ಲಿದ್ದ ಗಂಟನ್ನೆಲ್ಲ ಖರ್ಚು ಮಾಡಿ ಬೆಳಕು ಹುಡುಕಿಕೊಂಡು ಉದ್ದವಾಗುತ್ತದೆ ಅಂತ ನಾನು ಸೇರಿಸಿದೆ. ದೊಡ್ಡವಳು ಡಬ್ಬಿಯ ಮೇಲೆ 'ಫ್ರಿಜ್' ಅಂತ ಬರೆದು, ಸಿನಿಮಾದಲ್ಲಿ ತಪ್ಪಿದೆ ಅಂತ ಓಣಿಗೆಲ್ಲ ಸಾರಿ ಬಂದಳು.

ಹುಡುಗರ ಕುತೂಹಲ ಕಸದ ಇಟ್ಟಿಗೆಯ ಮೇಲೆ. ಬೆಳಿಗ್ಗೆ ಕಸದ ಆಟೋ ಬಂದಾಗ ನಾದಿನಿ ಮಗ ಓಡಿಹೋಗಿ ಪೌರಕಾರ್ಮಿಕ ಮಹಿಳೆಯನ್ನು, "ನಿಮ್ಮ ಗಾಡೀಲಿ ಚೌಕ ಮಾಡ್ತೀರಾ?" ಅಂತ ಕೇಳಿದ. ಆಕೆಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನಕ್ಕು, "ಇದರಲ್ಲಿ ಇಲ್ಲ ಕಂದ, ಇದನ್ನ ತಗೊಂಡೋಗಿ ದೊಡ್ಡ ಲಾರಿಗೆ ಸುರೀತೀವಿ, ಅದರೊಳಗೆ ಅದುಮೋ ಹಲಗೆ ಐತೆ" ಅಂದಳು. ಅಷ್ಟಕ್ಕೇ ನಿಲ್ಲದೆ ಅಂಗೈ ಚಾಚಿ ತೋರಿಸಿದಳು, ಹೆಬ್ಬೆರಳಿನ ಬುಡದಲ್ಲಿ ಉದ್ದಕ್ಕೆ ಗಾಯದ ಗೆರೆ. "ಒಡೆದ ಗಾಜು ಹಂಗೇ ಹಾಕ್ತಾರೆ. ಪೇಪರಲ್ಲಿ ಸುತ್ತಿ ಕೊಡೋಕೆ ಹೇಳು ನಿಮ್ಮನೇಲಿ."

ನಮ್ಮ ಮನೆಯಲ್ಲಿ ಹಸಿ, ಒಣ, ಅಪಾಯಕಾರಿ ಅಂತ ಮೂರು ಬುಟ್ಟಿ ಇವೆ, ಅದರ ಬಗ್ಗೆ ನನಗೆ ಸಾಕಷ್ಟು ಜಂಬವೂ ಇತ್ತು. ಆದರೆ ಯುಗಾದಿ ಹೊತ್ತಿಗೆ ಒಡೆದ ಗಾಜಿನ ಲೋಟವನ್ನು ಒಣ ಕಸಕ್ಕೆ ಸುತ್ತದೆ ಹಾಕಿದ್ದು ನಾನೇ. ಆ ಗಾಯ ನಮ್ಮ ಲೋಟದ್ದೇ ಇರಲಿಕ್ಕಿಲ್ಲ. ಇದ್ದರೂ ಇರಬಹುದು. ಈಗ ಚೂರುಗಳನ್ನು ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕುವುದು ಚಿಕ್ಕವನ ಇಲಾಖೆ. ಗಾಜು ಒಡೆಯದಿದ್ದರೆ ಅವನಿಗೆ ಬೇಜಾರು.

ಅಂಥ ಕಸದ ಗುಡ್ಡ ನಮ್ಮೂರಲ್ಲೂ ಇದೆಯಾ ಅಂತ ದೊಡ್ಡವಳು ಕೇಳಿದಾಗ ಮಂಡೂರಿನ ಕಥೆ ಹೇಳಿದೆ. ಬೆಂಗಳೂರಿನ ಕಸವೆಲ್ಲ ಆ ಹಳ್ಳಿಗೆ ಹೋಗಿ ಬೀಳುತ್ತಿದ್ದದ್ದು, 2014ರಲ್ಲಿ ಊರವರು ಸಾಕು ಅಂತ ಬೀದಿಗಿಳಿದದ್ದು. ಆಮೇಲೆ ಮಿಟ್ಟಗಾನಹಳ್ಳಿ ಕಡೆಯ ಕ್ವಾರಿಗೆ ಹೋಯಿತು ಅಂದೆ. "ಅಲ್ಲಿಯವರು ಬೇಡ ಅನ್ನಲಿಲ್ವಾ?" ಅಂದಳು. ನಾನು ಅನ್ನ ಬಡಿಸುವ ನೆಪ ಮಾಡಿ ಎದ್ದೆ.

ಎಲ್ಲವೂ ಹೀಗೇ ಚೆಂದ ನಡೆಯಿತು ಅಂದುಕೊಳ್ಳಬೇಡಿ. ಚಿಕ್ಕವನಿಗೆ ವಾಲ್-ಈ ಬೊಂಬೆ ಬೇಕೇ ಬೇಕು ಅಂತಾಯಿತು. ಕೊಂಡು ಕೊಂಡು ಭೂಮಿಯನ್ನು ಹಾಳು ಮಾಡಿದವರ ಕಥೆ ನೋಡಿ, ಅದರದ್ದೇ ಪ್ಲಾಸ್ಟಿಕ್ ಬೊಂಬೆ ಕೊಳ್ಳುವುದು ಎಂಥ ವಿಪರ್ಯಾಸ ಅಂತ ಆರು ವರ್ಷದವನಿಗೆ ಹೇಗೆ ಹೇಳುವುದು? ರಟ್ಟಿನಲ್ಲಿ ಮಾಡಿಕೊಟ್ಟೆ. ಮುಖ ಊದಿಸಿಕೊಂಡ. ಕೊನೆಗೆ ಕೊಡಿಸಿದೆ. ಮೂರು ವಾರಕ್ಕೆ ಕತ್ತು ಮುರಿಯಿತು. ಒಣ ಕಸದ ಬುಟ್ಟಿಗೆ ಹಾಕಲು ಹೊರಟಿದ್ದೆ, ಅತ್ತೆ ಕೈಯಿಂದ ಇಸಿದುಕೊಂಡು, "ಇರ್ಲಿ ಬಿಡವಾ, ಯಾವದಕ್ಕರ ಬರ್ತೈತಿ" ಅಂತ ಅಟ್ಟಕ್ಕೆ ಸೇರಿಸಿದರು. ನಾನೇ ಸ್ಟೂಲ್ ಹಿಡಿದುಕೊಂಡೆ.

ಚಿಪ್ಸ್ ಪ್ಯಾಕೆಟ್ ವಿಷಯದಲ್ಲಂತೂ ಇನ್ನೂ ಸೋತೇ ಇದ್ದೇವೆ. ಹಾಲಿನ ಕವರನ್ನು ಗುಜರಿಯವನು ತೂಕ ಹಾಕಿ ಕೊಂಡ. ಚಿಪ್ಸ್ ಕವರುಗಳನ್ನು ಮುಟ್ಟಲೂ ಇಲ್ಲ. ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಲೇಪ ಕೊಟ್ಟು ಪದರ ಪದರವಾಗಿ ಅಂಟಿಸಿರುತ್ತಾರೆ, ಬಿಡಿಸಲಾಗದು, ಹಾಗಾಗಿ ಅದಕ್ಕೆ ಗಿರಾಕಿ ಇಲ್ಲ. ಇದನ್ನು ಕೇಳಿದ ಮಕ್ಕಳು ಚಿಪ್ಸ್ ಬಿಟ್ಟರಾ? ಇಲ್ಲ. ಪ್ಯಾಕೆಟ್ ಎಣಿಸಿ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಾರೆ, ಅಷ್ಟೇ. ಮೊನ್ನೆ ತಿಂಗಳಿಗೆ ಮೂವತ್ತೊಂದಾಗಿತ್ತು. ಅದರಲ್ಲಿ ನಾಲ್ಕು ನನ್ನವು.

ನನಗೆ ನಿಜವಾದ ಪೇಚಾಟ ತಂದದ್ದು ಜಿರಲೆ. ಸಿನಿಮಾ ಶುರುವಿನಲ್ಲೇ ವಾಲ್-ಈ ಗೊತ್ತಿಲ್ಲದೆ ಅದರ ಮೇಲೆ ಚಕ್ರ ಹತ್ತಿಸುತ್ತಾನೆ, ಅದು ಚಪ್ಪಟೆಯಾಗಿ ಮತ್ತೆ ಪಟಕ್ಕನೆ ಎದ್ದು ನಿಲ್ಲುತ್ತದೆ. ಅಲ್ಲಿಂದ ಮಕ್ಕಳಿಗೆ ಅದು ದೇವರ ಸಮಾನ. ಒಂದು ರಾತ್ರಿ ಸಿಂಕಿನ ಕೆಳಗೆ ಒಂದು ಹೊರಬಂದಾಗ ನಾನು ಚಪ್ಪಲಿ ಎತ್ತಿದೆ, ಚಿಕ್ಕವನು ಅಡ್ಡ ನಿಂತು, "ಅದು ಅವನ ಫ್ರೆಂಡ್!" ಅಂತ ಚೀರಿದ. ದೊಡ್ಡವಳೂ ಅವನ ಪರ. ಅತ್ತೆ ಮಾತ್ರ, "ಹೊಡಿ ಹೊಡಿ, ಹಿಟ್ಟಿನ ಡಬ್ಬ್ಯಾಗ ಹೋಗತೈತಿ" ಅಂತ ನನ್ನ ಪರ ನಿಂತರು. ನಮ್ಮಿಬ್ಬರದು ಒಂದೇ ಪಕ್ಷವಾದದ್ದು ಅಪರೂಪ. ಮಕ್ಕಳ ಎದುರು ಚಪ್ಪಲಿ ಕೆಳಗಿಟ್ಟೆ, ಜಿರಲೆ ಒಲೆಯ ಹಿಂದೆ ಹೋಯಿತು.

ಹನ್ನೊಂದು ಗಂಟೆಗೆ ಮಕ್ಕಳು ಮಲಗಿದ ಮೇಲೆ ಅತ್ತೆ ಟಾರ್ಚ್ ಹಿಡಿದರು, ನಾನು ಹೊಡೆದೆ. ಪೇಪರಿನಲ್ಲಿ ಸುತ್ತಿ ಬುಟ್ಟಿಯ ತಳಕ್ಕೆ ಹಾಕಿದೆ. ಬೆಳಿಗ್ಗೆ ಚಿಕ್ಕವನು ಒಲೆಯ ಹಿಂದೆ ಇಣುಕಿ, "ಎಲ್ಲಿ ಹೋಯ್ತು?" ಅಂದ. "ಊರಿಗೆ ಹೋಗೇತಿ" ಅಂದರು ಅತ್ತೆ, ಕಾಫಿ ಲೋಟದಿಂದ ತಲೆ ಎತ್ತದೆ.